ಕಡಲಿಗೂ ಘಟಪ್ರಭೆಗೂ ಒಂದೇ ಮುಗಿಲು

ಕರಾವಳಿಯ ನಮಗೆ ಗೋಕಾಕ ಎಂದೊಡನೆ ನೆನಪಾಗುವುದು ಜಲಪಾತ, ಅದನ್ನು ಬಿಟ್ಟರೆ ಕರದಂಟು. ಹುಕ್ಕೇರಿ, ಮೂಡಲಗಿಗಳ ಹೆಸರು ಕೇಳಿದವರು ನಮ್ಮಲ್ಲಿ ಇನ್ನೂ ಕಡಿಮೆ. ಮೂರೂ ಬೆಳಗಾವಿ ಜಿಲ್ಲೆಯ ತಾಲ್ಲೂಕುಗಳು. ಅಲ್ಲಿ ಕಡಲಿಲ್ಲ, ಬಂದರಿಲ್ಲ, ಬಲೆ ಹೆಣೆಯುವವರಿಲ್ಲ. ಹಾಗಿರುವಾಗ ಕರಾವಳಿಯ ಧರ್ಮಪ್ರಾಂತ್ಯವೊಂದರ ಪುಟದಲ್ಲಿ ಆ ಊರುಗಳ ಮಾತೇಕೆ ಎಂದು ಓದುಗರು ಕೇಳಬಹುದು.

ಕಾರಣ ಎರಡಿವೆ. ನಮ್ಮ ಪಟ್ಟಣಗಳಲ್ಲಿ ಬೆಳಿಗ್ಗೆ ಬಸ್ ನಿಲ್ದಾಣದ ಬದಿಯಲ್ಲಿ ಬುತ್ತಿ ಹಿಡಿದು ಕೆಲಸಕ್ಕೆ ಕಾಯುವವರನ್ನು ನಾವೆಲ್ಲ ಕಂಡಿದ್ದೇವೆ. ಅವರಲ್ಲಿ ಬಹುಪಾಲು ಉತ್ತರ ಕರ್ನಾಟಕದವರು. ನಮ್ಮ ಮನೆ, ಶಾಲೆ, ಚರ್ಚುಗಳ ಗೋಡೆ ಕಟ್ಟಿದ ಕೈಗಳು ಅವು. ನಾವು ಅವರನ್ನು 'ಘಟ್ಟದವರು' ಎಂದು ಒಂದೇ ಮಾತಿನಲ್ಲಿ ಕರೆದು ಮುಗಿಸುತ್ತೇವೆ. ಅವರ ಊರಿನಲ್ಲಿ ಏನಾಯಿತು, ಅವರು ಹೊಲ ಬಿಟ್ಟು ಏಕೆ ಬಂದರು ಎಂದು ಕೇಳುವುದು ಕಡಿಮೆ. ಇದು ಮೊದಲ ಕಾರಣ. ಎರಡನೆಯದು, ಹವಾಮಾನ ಬದಲಾವಣೆಯ ಬಗ್ಗೆ ಮೀನುಗಾರರು ಏನನ್ನುತ್ತಾರೆ, ರೈತರು ಏನನ್ನುತ್ತಾರೆ ಎಂದು ವಿಚಾರಿಸಹೊರಟರೆ ಕಡಲತಡಿಯ ಮಾತಿಗೂ ಘಟಪ್ರಭೆಯ ದಂಡೆಯ ಮಾತಿಗೂ ಆಶ್ಚರ್ಯವಾಗುವಷ್ಟು ಹೋಲಿಕೆ ಕಾಣುತ್ತದೆ. ಇಬ್ಬರ ಮೇಲೂ ಮಳೆ ಸುರಿಸುವುದು ಅರಬ್ಬೀ ಸಮುದ್ರದಿಂದ ಎದ್ದ ಒಂದೇ ಮುಗಿಲು.

ಘಟ್ಟದ ಆಚೆ ಇಳಿಯುವ ನಮ್ಮ ಮಳೆ

ಗೋಕಾಕ ಮಳೆನೆರಳಿನ ನಾಡು. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ ಗೋಕಾಕದಲ್ಲಿ ಆಗುವುದು 600 ಮಿಲಿಮೀಟರ್ ಆಸುಪಾಸು. ಆದರೂ ಆ ಊರು ಮುಳುಗುತ್ತದೆ. ಅದನ್ನು ಮುಳುಗಿಸುವ ನೀರು ಅಲ್ಲಿ ಬಿದ್ದ ಮಳೆಯದ್ದಲ್ಲ, ಘಟ್ಟದ ನೆತ್ತಿಯ ಮೇಲೆ ಬಿದ್ದದ್ದು. ಘಟಪ್ರಭೆ ಮತ್ತು ಹಿರಣ್ಯಕೇಶಿ ನದಿಗಳು ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಹುಟ್ಟುತ್ತವೆ. ಹಿರಣ್ಯಕೇಶಿಯ ಮೂಲವಾದ ಆಂಬೋಲಿಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಅದೇ ಬೆಟ್ಟದ ಪಶ್ಚಿಮದ ಮಗ್ಗುಲಿಗೆ ಬಿದ್ದ ನೀರು ಕೊಂಕಣದ ಕಡಲಿಗೆ ಹರಿದರೆ, ಪೂರ್ವದ ಮಗ್ಗುಲಿಗೆ ಬಿದ್ದದ್ದು ಹುಕ್ಕೇರಿ, ಗೋಕಾಕ, ಮೂಡಲಗಿಗಳನ್ನು ದಾಟಿ ಕೃಷ್ಣೆಯನ್ನು ಸೇರುತ್ತದೆ.

ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯವಿದೆ. ಅದರ ಸಾಮರ್ಥ್ಯ 51 ಟಿಎಂಸಿ. ಅಣೆಕಟ್ಟಿನ ಕೆಳಗೆ, ಸಂಕೇಶ್ವರವನ್ನು ದಾಟಿ ಬರುವ ಹಿರಣ್ಯಕೇಶಿ ಘಟಪ್ರಭೆಯನ್ನು ಕೂಡುತ್ತದೆ. ಮುಂದೆ ಬ್ರಿಟಿಷರ ಕಾಲದ ಧುಪದಾಳ ಒಡ್ಡು, ಅದನ್ನು ದಾಟಿದರೆ 52 ಮೀಟರ್ ಎತ್ತರದ ಗೋಕಾಕ ಜಲಪಾತ. ಜಲಪಾತ ಇಳಿದ ಮೇಲೆ ಬೆಳಗಾವಿಯ ಕಡೆಯಿಂದ ಬರುವ ಮಾರ್ಕಂಡೇಯ ನದಿಯೂ ಸೇರುತ್ತದೆ. ಹೀಗೆ ಗೋಕಾಕದ ಲೋಳಸೂರ ಸೇತುವೆಯ ಹೊತ್ತಿಗೆ ಮೂರು ನದಿಗಳ ನೀರು ಒಂದಾಗಿರುತ್ತದೆ. ಈ ಭೂಗೋಳವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಅಲ್ಲಿಯ ಜನರ ಮಾತು ನಮಗೆ ಅರ್ಥವಾಗುವುದಿಲ್ಲ.

ಹೊಳೆಯ ದಂಡೆಯ ಮಾತು

2019ರ ಬೇಸಿಗೆಯನ್ನು ನೆನೆಯೋಣ. ಹಿಂದಿನ ವರ್ಷದ ಬರದಿಂದ ಬೆಳಗಾವಿ ಜಿಲ್ಲೆ ಬಸವಳಿದಿತ್ತು. ಮೇ ತಿಂಗಳಲ್ಲಿ ಕೃಷ್ಣಾ ನದಿಯೇ ಒಣಗಿ, ಕುಡಿಯುವ ನೀರಿಗಾಗಿ ಮಹಾರಾಷ್ಟ್ರದ ಕಡೆ ಕೈಚಾಚಬೇಕಾಯಿತು. ಅದಾದ ಮೂರೇ ತಿಂಗಳಿಗೆ, ಆಗಸ್ಟ್ ಮೊದಲ ವಾರದಲ್ಲಿ, ಗೋಕಾಕದ ಬೀದಿಗಳಲ್ಲಿ ಹೊಳೆ ಹರಿಯಿತು. ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳಲ್ಲಿ ಹಾನಿಯಾದ ಆ ಪ್ರವಾಹದಲ್ಲಿ ಬೆಳಗಾವಿಯದು ಅತಿ ಹೆಚ್ಚು ನಷ್ಟ ಅನುಭವಿಸಿದ ಜಿಲ್ಲೆ. ಪೂರ್ಣ ಕುಸಿದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಯಾರ ಮನೆ 'ಪೂರ್ಣ', ಯಾರದು 'ಭಾಗಶಃ' ಎಂಬ ತಕರಾರು ನೀರು ಇಳಿದ ಮೇಲೂ ಬಹುಕಾಲ ಇಳಿಯಲಿಲ್ಲ.

2021ರಲ್ಲಿ ಮತ್ತೆ ಹೊಳೆ ಏರಿತು. 2023ರಲ್ಲಿ ಅದಕ್ಕೆ ತದ್ವಿರುದ್ಧ. ದೇಶದಲ್ಲಿ 1901ರಿಂದ ಈಚೆಗೆ ಅತ್ಯಂತ ಕಡಿಮೆ ಮಳೆ ಬಿದ್ದ ಆಗಸ್ಟ್ ಅದು. ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. 2024ರ ಜುಲೈ ಕೊನೆಗೆ ಲೋಳಸೂರ ಸೇತುವೆ ಮತ್ತೆ ನೀರಿನಡಿ, ಗೋಕಾಕದ ತಗ್ಗಿನ ಮನೆಗಳವರು ಮತ್ತೆ ಕಾಳಜಿ ಕೇಂದ್ರದಲ್ಲಿ. ಇಷ್ಟೆಲ್ಲ ಆದದ್ದು ಐದಾರು ವರ್ಷಗಳ ಒಳಗೆ.

ಇದನ್ನೆಲ್ಲ ಅನುಭವಿಸಿದ ರೈತ ಏನೆನ್ನುತ್ತಾನೆ? 'ಹವಾಮಾನ ಬದಲಾವಣೆ' ಎಂಬ ಮಾತು ಅವನ ಬಾಯಿಂದ ಬರುವುದು ಅಪರೂಪ. ಅದು ಅಧಿಕಾರಿಗಳ ಮಾತು, ಪತ್ರಿಕೆಯ ಮಾತು. ಅವನ ಲೆಕ್ಕ ಮಳೆ ನಕ್ಷತ್ರಗಳದ್ದು. ಮಿರಗದ ಮಳೆ ಹಿಡಿಯಲಿಲ್ಲ, ಆರಿದ್ರಾ ಹುಸಿಹೋಯಿತು, ಆಶ್ಲೇಷಾ ಮಳೆ ಒಂದೇ ವಾರದಲ್ಲಿ ಎಲ್ಲವನ್ನೂ ಸುರಿದು ಹೋಯಿತು, ಹಿಂಗಾರಿಯ ಜೋಳಕ್ಕೆ ಹದ ಸಿಗಲಿಲ್ಲ ಎನ್ನುತ್ತಾನೆ. ಮಳೆಯ ಒಟ್ಟು ಮೊತ್ತಕ್ಕಿಂತ ಅದು ಹಂಚಿಕೆಯಾಗುವ ರೀತಿ ಕೆಟ್ಟಿದೆ ಎಂಬುದೇ ಅವನ ದೂರು. ವಿಜ್ಞಾನಿಗಳು ಹೇಳುವುದೂ ಅದನ್ನೇ.

ಆದರೆ ಪ್ರವಾಹಕ್ಕೆ ಕಾರಣವೇನೆಂದು ಕೇಳಿದರೆ ಬರುವ ಉತ್ತರ ಬೇರೆ: ಡ್ಯಾಮಿನ ನೀರು ಬಿಟ್ಟರು. ಮೊದಲೇ ಸ್ವಲ್ಪ ಸ್ವಲ್ಪ ಬಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಹಾಗೆಂದು ಅದೇ ಪೂರ್ಣ ಸತ್ಯವೂ ಅಲ್ಲ. ಹಿರಣ್ಯಕೇಶಿಗೆ ಹಿಡಕಲ್‌ನಂಥ ದೊಡ್ಡ ಜಲಾಶಯವಿಲ್ಲ, ಅದರ ನೀರು ಯಾರನ್ನೂ ಕೇಳದೆ ಬರುತ್ತದೆ. ಇನ್ನು ಹಿಡಕಲ್‌ನ ಸಂಕಟವನ್ನೂ ನೋಡಬೇಕು. ಮಳೆಗಾಲದಲ್ಲಿ ಜಲಾಶಯ ತುಂಬದಿದ್ದರೆ ಕಾಲುವೆಗೆ ನೀರಿಲ್ಲ, ಬೇಸಿಗೆಗೆ ಕುಡಿಯಲೂ ಇಲ್ಲ. ಮೊದಲೇ ತುಂಬಿಸಿಟ್ಟರೆ, ಘಟ್ಟದಲ್ಲಿ ಒಂದು ವಾರ ಎಡೆಬಿಡದೆ ಸುರಿದಾಗ ಬಾಗಿಲು ತೆರೆಯದೆ ಗತಿಯಿಲ್ಲ. ಖಾಲಿ ಇಟ್ಟರೆ 2023ರ ಭಯ, ತುಂಬಿಸಿದರೆ 2019ರ ಭಯ. ನಾಲ್ಕು ತಿಂಗಳು ಹದವಾಗಿ ಸುರಿಯುತ್ತಿದ್ದ ಮಳೆಯನ್ನು ನಂಬಿ ಮಾಡಿದ ಲೆಕ್ಕಾಚಾರ, ನಾಲ್ಕು ದಿನದಲ್ಲಿ ಸುರಿಯುವ ಮಳೆಗೆ ಒಗ್ಗುವುದಿಲ್ಲ. ಹವಾಮಾನ ಬದಲಾವಣೆ ಹಳ್ಳಿಯ ಬಾಗಿಲಿಗೆ ಬರುವುದು ಹೀಗೆ, ಅಣೆಕಟ್ಟಿನ ಬಾಗಿಲಿನ ರೂಪದಲ್ಲಿ.

ಕಬ್ಬಿನ ಕಥೆಯೂ ಇದರೊಡನೆ ಹೆಣೆದುಕೊಂಡಿದೆ. ಈ ಮೂರು ತಾಲ್ಲೂಕುಗಳ ನೀರಾವರಿ ಜಮೀನು ಬಹುಪಾಲು ಕಬ್ಬಿನದು. ಕಬ್ಬು ವರ್ಷವಿಡೀ ಹೊಲದಲ್ಲಿ ನಿಲ್ಲುವ ಬೆಳೆ. ಆದ್ದರಿಂದ ಬರ ಬಂದರೂ ಅದಕ್ಕೆ ತಟ್ಟುತ್ತದೆ, ನೆರೆ ಬಂದರೂ ತಟ್ಟುತ್ತದೆ. ಸುಳಿ ಮುಳುಗಿ ವಾರ ಕಳೆದರೆ ಬೆಳೆ ಕೊಳೆಯುತ್ತದೆ. ಉಳಿದರೂ ಸಕ್ಕರೆಯ ಅಂಶ ಇಳಿಯುತ್ತದೆ, ಸಕ್ಕರೆ ಅಂಶ ಇಳಿದರೆ ದರವೂ ಇಳಿಯುತ್ತದೆ. 2025ರ ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ಸಾವಿರಾರು ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕುಳಿತರು. ನವೆಂಬರ್ ಮೊದಲ ವಾರದಲ್ಲಿ 3,300 ರೂಪಾಯಿಗೆ ಒಪ್ಪಂದವಾಯಿತು. ಆ ಹೋರಾಟ ದರದ್ದು, ಹವಾಮಾನದ್ದಲ್ಲ. ಆದರೆ ಒಂದು ವರ್ಷ ಒಣಗಿ ಇನ್ನೊಂದು ವರ್ಷ ಮುಳುಗುವ ಹೊಲದ ರೈತನಿಗೆ ಟನ್ನಿಗೆ ಇನ್ನೂರು ರೂಪಾಯಿ ಎಂದರೆ ಸಾಲದ ಬಡ್ಡಿ, ಮಗಳ ಕಾಲೇಜಿನ ಶುಲ್ಕ. ಹವಾಮಾನದ ನಷ್ಟ ಲೆಕ್ಕಪುಸ್ತಕದಲ್ಲಿ ಯಾವಾಗಲೂ ಬೇರೆ ಹೆಸರಿನಲ್ಲಿ ಬರೆಯಲ್ಪಡುತ್ತದೆ.

ಕಡಲತಡಿಯ ಮಾತು

ಈಗ ನಮ್ಮ ಬದಿಗೆ ಬರೋಣ. ನಾಡದೋಣಿಯ ಮೀನುಗಾರರ ಲೆಕ್ಕವೂ ಹೊತ್ತಗೆಯದಲ್ಲ. ಮಳೆಗಾಲದ ಆರಂಭದಲ್ಲಿ ತೂಫಾನ್ ಎದ್ದು ಕಡಲು ಮಗುಚಬೇಕು, ಆಮೇಲೆ ಮೀನು ದಡದ ಬಳಿ ಬರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧವಿರುವ 61 ದಿನಗಳಲ್ಲಿ ಅವರ ಹೊಟ್ಟೆ ತುಂಬಬೇಕಾದದ್ದು ಇದರಿಂದಲೇ. ಆ ಹದ ಈಗ ಸಿಗುತ್ತಿಲ್ಲ ಎಂಬುದು ಅವರ ಅಳಲು. ತೂಫಾನ್ ಬರುವ ಕಾಲಕ್ಕೆ ಬರುವುದಿಲ್ಲ, ಬರಬಾರದ ಕಾಲಕ್ಕೆ ಚಂಡಮಾರುತ ಬರುತ್ತದೆ.

ಅದು ಬರಿಯ ಅನಿಸಿಕೆಯಲ್ಲ. 2019ರಲ್ಲಿ ಅರಬ್ಬೀ ಸಮುದ್ರದಲ್ಲಿ ಐದು ಚಂಡಮಾರುತಗಳು ಎದ್ದವು. ಮೊದಲು ಚಂಡಮಾರುತವೆಂದರೆ ಬಂಗಾಳ ಕೊಲ್ಲಿಯ ಮಾತೆಂದು ನಾವು ತಿಳಿದಿದ್ದೆವು. ಮಲ್ಪೆ, ಮಂಗಳೂರಿನ ಬೋಟುಗಳು ಆಳಸಮುದ್ರದಲ್ಲಿ ದುಡಿಯುವ ಅಕ್ಟೋಬರ್ ತಿಂಗಳಲ್ಲೇ ಆ ವರ್ಷ ಕ್ಯಾರ್ ಬಂತು. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ತೀರದ ಮನೆ, ರಸ್ತೆ, ತೆಂಗುಗಳನ್ನು ಎಳೆದುಕೊಂಡಿತು. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದ ಅಧ್ಯಯನದಂತೆ 1990ರಿಂದ 2018ರ ನಡುವೆ ಕರ್ನಾಟಕದ ತೀರದ ಸುಮಾರು ಶೇಕಡಾ 24 ಭಾಗ ಕೊರೆತಕ್ಕೆ ಒಳಗಾಗಿದೆ. ಉಳ್ಳಾಲದವರಿಗೂ ಮರವಂತೆಯವರಿಗೂ ಇದನ್ನು ಅಂಕಿ ಅಂಶ ಕೊಟ್ಟು ಹೇಳಬೇಕಾಗಿಲ್ಲ.

ಬೂತಾಯಿಯ ಮಾತು ಬಂದಾಗ ಕಾರಣಗಳ ಪಟ್ಟಿ ಉದ್ದವಾಗುತ್ತದೆ. ಬೆಳಕು ಹಾಯಿಸಿ ಹಿಡಿದರು, ಬುಲ್ ಟ್ರಾಲಿಂಗ್ ಮಾಡಿದರು, ಮರಿ ಮೀನನ್ನೂ ಗೋರಿ ಫಿಶ್‌ಮೀಲ್ ಕಾರ್ಖಾನೆಗೆ ಕಳಿಸಿದರು ಎನ್ನುತ್ತಾರೆ. ಇವೆಲ್ಲ ಸುಳ್ಳಲ್ಲ. ಬುಲ್ ಟ್ರಾಲಿಂಗ್ ಮತ್ತು ಬೆಳಕು ಮೀನುಗಾರಿಕೆಯನ್ನು ಕೇಂದ್ರ ಸರಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿದ್ದೇ ಈ ಕಾರಣಕ್ಕೆ. ಆದರೆ ಬೂತಾಯಿ ನೀರಿನ ಬಿಸಿಗೂ, ಆಳದಿಂದ ಮೇಲೇಳುವ ತಣ್ಣನೆಯ ಸತ್ವಯುತ ನೀರಿಗೂ ಬಹು ಬೇಗ ಸ್ಪಂದಿಸುವ ಮೀನು. ಕಡಲು ಬಿಸಿಯಾದಂತೆ ಅದರ ಏರಿಳಿತವೂ ಹೆಚ್ಚುತ್ತದೆ. ಕಾಯಿಲೆಯ ಮೇಲೆ ಹಸಿವು ಸೇರಿದಂತೆ ಅತಿಯಾದ ಮೀನುಗಾರಿಕೆಯೂ ಬಿಸಿಯಾದ ಕಡಲೂ ಒಟ್ಟಾಗಿವೆ.

ನಮ್ಮ ಕೃಷಿಕರದೂ ಇದೇ ಪಾಡು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ತಲಪಿತು. ವಾಡಿಕೆಗಿಂತ ಎಂಟು ದಿನ ಮೊದಲು. ಅಡಿಕೆಗೆ ಬೋರ್ಡೋ ಸಿಂಪಡಿಸಲು ಬಿಸಿಲಿನ ಬಿಡುವು ಸಿಗದೆ ಕೊಳೆರೋಗಕ್ಕೆ ಬೆಳೆ ಕೊಟ್ಟವರ ಕಷ್ಟ ನಮ್ಮ ಓದುಗರಿಗೆ ಗೊತ್ತು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆ ತರಲು ಗದ್ದೆ ಹುಡುಕಿ ದೂರ ಹೋಗಬೇಕಾದ ಧರ್ಮಕೇಂದ್ರಗಳೂ ನಮ್ಮಲ್ಲಿವೆ. ಗದ್ದೆ ಹೋದದ್ದಕ್ಕೆ ಮಳೆಯೊಂದೇ ಕಾರಣವಲ್ಲ, ನಾವೂ ಕಾರಣ.

ಕಂಡದ್ದು ಸರಿ, ಕಾರಣ ಅರ್ಧ

ಎರಡೂ ಕಡೆಯ ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಏನು ಬದಲಾಗಿದೆ ಎಂಬುದನ್ನು ಹೊಳೆಯ ದಂಡೆಯವರೂ ಕಡಲತಡಿಯವರೂ ಸರಿಯಾಗಿಯೇ ಕಂಡಿದ್ದಾರೆ. ಏಕೆ ಬದಲಾಯಿತು ಎಂಬಲ್ಲಿ ಅವರ ಬೆರಳು ಕಣ್ಣಿಗೆ ಕಾಣುವ ಹತ್ತಿರದ ಕಾರಣದ ಕಡೆ ತೋರುತ್ತದೆ. ಅಲ್ಲಿ ಡ್ಯಾಮಿನ ಅಧಿಕಾರಿ, ಇಲ್ಲಿ ಪರ್ಸೀನ್ ಬೋಟಿನವರು. ಯೇಲ್ ವಿಶ್ವವಿದ್ಯಾಲಯವೂ ಸಿವೋಟರ್ ಸಂಸ್ಥೆಯೂ 2021–22ರಲ್ಲಿ ದೇಶದಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ ಶೇಕಡಾ 54 ಮಂದಿ ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ತಮಗೆ ತಿಳಿದದ್ದು ಅತ್ಯಲ್ಪ, ಅಥವಾ ಕೇಳಿಯೇ ಇಲ್ಲ ಎಂದಿದ್ದರು. ಅದೇನೆಂದು ವಿವರಿಸಿದ ಬಳಿಕ ಶೇಕಡಾ 84 ಮಂದಿ, ಹೌದು, ಅದು ನಡೆಯುತ್ತಿದೆ ಎಂದರು. ಜನರಿಗೆ ಅನುಭವ ಮೊದಲೇ ಇತ್ತು, ಅದಕ್ಕೊಂದು ಹೆಸರು ಸಿಕ್ಕಿರಲಿಲ್ಲ ಅಷ್ಟೆ.

ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಗಮನಾರ್ಹ. 1950ರಿಂದ 2015ರವರೆಗೆ ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶದ ಮೇಲೆ ಒಮ್ಮೆಲೇ ಸುರಿಯುವ ಅತಿವೃಷ್ಟಿ ಮೂರು ಪಟ್ಟಾಗಿದೆ ಎಂದು ಅವರು ಕಂಡುಕೊಂಡರು. ಅದಕ್ಕೆ ಬೇಕಾದ ಹೆಚ್ಚಿನ ತೇವವನ್ನು ಒದಗಿಸುತ್ತಿರುವುದು ಬಿಸಿಯೇರುತ್ತಿರುವ ಅರಬ್ಬೀ ಸಮುದ್ರ. ಆ ಅಧ್ಯಯನ ಘಟಪ್ರಭೆಯನ್ನು ಕುರಿತದ್ದಲ್ಲ. ಆದರೂ ಘಟಪ್ರಭೆಯ ಮಳೆ ಬರುವ ದಾರಿ ಅದೇ. ನಮ್ಮ ಬೂತಾಯಿಯನ್ನು ಓಡಿಸುವ ಕಡಲ ಬಿಸಿಯೇ ಲೋಳಸೂರ ಸೇತುವೆಯ ಮೇಲಿನ ನೀರಿಗೂ ತೇವ ಕೊಡುತ್ತದೆ.

ಇಲ್ಲಿ ಎರಡು ಅಪಾಯಗಳನ್ನು ನಾವು ಕಾಣುತ್ತೇವೆ. ಜನರು ಹತ್ತಿರದ ಕಾರಣವನ್ನು ಮಾತ್ರ ಹಿಡಿದರೆ ನೆರೆಹೊರೆಯವರೇ ಶತ್ರುಗಳಾಗುತ್ತಾರೆ. ನಾಡದೋಣಿಗೂ ಟ್ರಾಲರಿಗೂ ಜಗಳ, ಕಾಲುವೆಯ ತಲೆಯವನಿಗೂ ಬುಡದವನಿಗೂ ಜಗಳ, ಕರ್ನಾಟಕಕ್ಕೂ ಮಹಾರಾಷ್ಟ್ರಕ್ಕೂ ಜಗಳ. ಇನ್ನೊಂದು ಕಡೆ, ಅಧಿಕಾರದಲ್ಲಿರುವವರು ದೂರದ ಕಾರಣವನ್ನು ಮಾತ್ರ ಹಿಡಿದರೆ ಎಲ್ಲವೂ 'ಪ್ರಕೃತಿ ವಿಕೋಪ'ವಾಗಿ ಯಾರೂ ಹೊಣೆಗಾರರಲ್ಲ ಎಂದಾಗುತ್ತದೆ. ಹೊಳೆಯ ಪಾತ್ರದಲ್ಲಿ ಕಟ್ಟಡಕ್ಕೆ ಅನುಮತಿ ಕೊಟ್ಟದ್ದು, ಮರಳು ಬಗೆದದ್ದು, ಮುನ್ನೆಚ್ಚರಿಕೆ ತಲಪದಿದ್ದದ್ದು ಹವಾಮಾನ ಮಾಡಿದ ಕೆಲಸವಲ್ಲ. ಜಾಗತಿಕ ತಾಪಮಾನದ ಮಾತು ಸ್ಥಳೀಯ ಲೋಪಗಳಿಗೆ ಹೊದಿಕೆಯಾಗಬಾರದು.

ದೇವರ ಶಿಕ್ಷೆಯೇ?

ನಮ್ಮ ವಿಶ್ವಾಸಿಗಳ ನಡುವೆ ಮೂರನೆಯ ವಿವರಣೆಯೊಂದೂ ಇದೆ. ಜನರ ಪಾಪ ಹೆಚ್ಚಾಯಿತು, ಅದಕ್ಕೆ ದೇವರು ಹೀಗೆ ಮಾಡಿದರು ಎನ್ನುತ್ತಾರೆ. ಪ್ರಬೋಧನೆಗಳಲ್ಲೂ ಇಂಥ ಮಾತು ನುಸುಳುವುದುಂಟು, ಗುರುಗಳಾದ ನಾವು ಅದನ್ನು ಒಪ್ಪಿಕೊಳ್ಳಬೇಕು. ಆದರೆ ಶುಭಸಂದೇಶ ಬೇರೆ ದಾರಿ ತೋರುತ್ತದೆ. ಸಿಲೋವಾಮಿನ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಾಗ ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿರಲಿಲ್ಲ ಎಂದು ಯೇಸುಸ್ವಾಮಿ ಸ್ಪಷ್ಟವಾಗಿ ಹೇಳಿದರು. ಅದೇ ಮಾತಿನಲ್ಲಿ ಕೇಳುಗರೆಲ್ಲರನ್ನೂ ಮನಪರಿವರ್ತನೆಗೆ ಕರೆದರು. ಗೋಕಾಕದಲ್ಲಿ ಮನೆ ಕಳೆದುಕೊಂಡ ವಿಧವೆಯಾಗಲಿ, ತೌಕ್ತೆಗೆ ದೋಣಿ ಕಳೆದುಕೊಂಡ ಮೀನುಗಾರನಾಗಲಿ ವಾತಾವರಣಕ್ಕೆ ಹೊಗೆ ತುಂಬಿದವರ ಸಾಲಿನಲ್ಲಿ ಕಡೆಯವರು, ನಷ್ಟ ಹೊತ್ತವರ ಸಾಲಿನಲ್ಲಿ ಮೊದಲಿಗರು. ಅವರ ಮುಂದೆ ನಿಂತು ಶಿಕ್ಷೆಯ ಮಾತನಾಡುವುದು ಗಾಯದ ಮೇಲೆ ಉಪ್ಪು ಸವರಿದಂತೆ.

ವಿಶ್ವಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಹೇಳಿದ್ದೂ ಇದನ್ನೇ. ಕೃಷಿ, ಮೀನುಗಾರಿಕೆ, ಅರಣ್ಯವನ್ನು ನೆಚ್ಚಿದ ಬಡವರ ಮೇಲೆಯೇ ಈ ಬದಲಾವಣೆಯ ಭಾರ ಹೆಚ್ಚು ಬೀಳುತ್ತದೆ, ಅವರಿಗೆ ಅದರಿಂದ ಚೇತರಿಸಿಕೊಳ್ಳಲು ಬೇರೆ ಆಸರೆಯೂ ಇಲ್ಲ ಎಂದು ಅವರು ಎಚ್ಚರಿಸಿದರು. 2023ರ ಅಕ್ಟೋಬರ್ 4ರಂದು 'ಲೌದಾತೆ ದೇಉಮ್' ಬರೆದಾಗ, ಎಂಟು ವರ್ಷಗಳಲ್ಲಿ ಜಗತ್ತು ಸಾಕಷ್ಟು ಮಾಡಲಿಲ್ಲವೆಂಬ ನೋವು ಅದರಲ್ಲಿತ್ತು. 2025ರ ಏಪ್ರಿಲ್‌ನಲ್ಲಿ ಅವರು ನಮ್ಮನ್ನಗಲಿದರು. ಅವರ ಉತ್ತರಾಧಿಕಾರಿ ಹದಿನಾಲ್ಕನೆಯ ಲಿಯೋರವರು ಅದೇ ಜುಲೈ 9ರಂದು ಸೃಷ್ಟಿಯ ಪಾಲನೆಗಾಗಿ ಸಿದ್ಧಪಡಿಸಿದ ಹೊಸ ಪೂಜಾವಿಧಿಯಲ್ಲಿ ಬಲಿಪೂಜೆ ಅರ್ಪಿಸಿ ಈ ಕಾಳಜಿ ಮುಂದುವರಿಯುವುದೆಂದು ತೋರಿಸಿಕೊಟ್ಟರು.

ಧರ್ಮಕೇಂದ್ರ ಏನು ಮಾಡಬಹುದು?

2019ರ ನೆರೆಗೆ ನಮ್ಮ ಧರ್ಮಕೇಂದ್ರಗಳೂ ಮಿಡಿದವು. ಅಕ್ಕಿ, ಕಂಬಳಿ, ಬಟ್ಟೆ ಹೊತ್ತ ಲಾರಿಗಳು ಘಟ್ಟ ಹತ್ತಿದವು. ಅದು ಒಳ್ಳೆಯ ಕೆಲಸ. ಆದರೆ ಒಂದೇ ನದಿ ಐದು ವರ್ಷಗಳಲ್ಲಿ ಮೂರು ಸಲ ಮನೆಗೆ ನುಗ್ಗುವಾಗ ಕಂಬಳಿ ಹಂಚುವುದೊಂದೇ ಸಾಲದು. ನಮಗೆ ತೋಚಿದ ಕೆಲವು ಮಾತುಗಳನ್ನು ಪಾಲನಾ ಮಂಡಳಿಗಳ ಮುಂದಿಡುತ್ತೇವೆ.

ಮೊದಲನೆಯದು, ಕೇಳಿಸಿಕೊಳ್ಳುವುದು. ಪ್ರತಿ ವಾಳೆಯ ಕಿರು ಕ್ರೈಸ್ತ ಸಮುದಾಯದ ಒಂದು ಕೂಟವನ್ನಾದರೂ ಇದಕ್ಕೆ ಮೀಸಲಿಡೋಣ. ಹಿರಿಯ ಮೀನುಗಾರರು, ಹಿರಿಯ ಕೃಷಿಕರು ತಮ್ಮ ಐವತ್ತು ವರ್ಷಗಳ ಮಳೆ, ಮೀನು, ಬಾವಿಯ ನೀರಿನ ನೆನಪನ್ನು ಹೇಳಲಿ, ಯುವಜನರು ಬರೆದುಕೊಳ್ಳಲಿ. ನೆರೆ ಬಂದಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂದು ಚರ್ಚಿನ ಅಥವಾ ಶಾಲೆಯ ಗೋಡೆಯ ಮೇಲೆ ಇಸವಿಯೊಡನೆ ಗೆರೆ ಎಳೆಯೋಣ. ಮನುಷ್ಯರ ನೆನಪು ಬೇಗ ಮಾಸುತ್ತದೆ. ಗೆರೆ ಉಳಿದರೆ, ಅದರ ಕೆಳಗೆ ಮನೆ ಕಟ್ಟುವ ಮುನ್ನ ಯಾರಾದರೂ ಯೋಚಿಸಿಯಾರು.

ಎರಡನೆಯದು, ನಮ್ಮ ಅಂಗಳ. ಧರ್ಮಕೇಂದ್ರದ ಜಮೀನಿನಲ್ಲಿ ಬಿದ್ದ ಮಳೆ ಎಲ್ಲಿ ಹೋಗುತ್ತದೆ? ಇಂಟರ್‌ಲಾಕ್ ಹಾಸಿದ ಅಂಗಳದಿಂದ ಚರಂಡಿಗೆ, ಚರಂಡಿಯಿಂದ ಕಡಲಿಗೆ. ಏಪ್ರಿಲ್‌ನಲ್ಲಿ ನಾವು ಟ್ಯಾಂಕರ್ ತರಿಸುತ್ತೇವೆ. ಹಳೆಯ ಬಾವಿಗೆ ಛಾವಣಿಯ ನೀರು ತಿರುಗಿಸಲು, ಮದಗವೊಂದರ ಹೂಳು ತೆಗೆಯಲು ಹಬ್ಬದ ದೀಪಾಲಂಕಾರಕ್ಕಾಗುವ ಖರ್ಚಿಗಿಂತ ಹೆಚ್ಚೇನೂ ಬೇಕಾಗದು.

ಮೂರನೆಯದು, ಹಕ್ಕಿನ ಕೆಲಸ. ನಷ್ಟವಾದವರಿಗೆ ಅರ್ಜಿ ತುಂಬಲು, ಫೋಟೋ ತೆಗೆಯಲು, ಗ್ರಾಮ ಆಡಳಿತಾಧಿಕಾರಿಯ ಬಳಿ ಹೋಗಲು ಜೊತೆ ಬೇಕು. ಪರಿಹಾರ ತಪ್ಪಿಹೋಗುವುದು ಹೆಚ್ಚಾಗಿ ಕಾಗದವಿಲ್ಲದವರಿಗೆ: ಗೇಣಿಗೆ ಉಳುವವನಿಗೆ, ಬೋಟಿನ ಕೂಲಿಯವನಿಗೆ, ಮೀನು ಮಾರುವ ಹೆಂಗಸಿಗೆ. ಧರ್ಮಪ್ರಾಂತ್ಯದ ಸಮಾಜಸೇವಾ ಸಂಸ್ಥೆಗಳು ಈ ಕಡೆ ಹೆಚ್ಚು ಗಮನ ಕೊಡಲಿ.

ನಾಲ್ಕನೆಯದು, ಘಟ್ಟದಾಚೆಯ ಸಂಬಂಧ. ಕರಾವಳಿಯ ಮತ್ತು ಬೆಳಗಾವಿಯ ಧರ್ಮಪ್ರಾಂತ್ಯಗಳು ಆಪತ್ತು ಬಂದಾಗ ಮಾತ್ರ ಫೋನ್ ಮಾಡಿಕೊಳ್ಳುವುದು ಬೇಡ. 2018ರಲ್ಲಿ ಕೇರಳದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೇರಿಸಿ ಒಳನಾಡಿಗೆ ಹೋಗಿ ಸಾವಿರಾರು ಜೀವ ಉಳಿಸಿದರು. ಅಂಥ ಕೈಗಳು ನಮ್ಮಲ್ಲೂ ಇವೆ. ಯಾರ ದೋಣಿ, ಯಾರ ಲಾರಿ, ಯಾರ ದೂರವಾಣಿ ಎಂಬ ಪಟ್ಟಿ ಮಳೆಗಾಲಕ್ಕೆ ಮೊದಲೇ ಸಿದ್ಧವಿರಲಿ. ಅದಕ್ಕೂ ಮೊದಲು, ನಮ್ಮ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬ ಯಾವ ಊರಿನದು, ಅವರ ಹೊಲ ಏನಾಯಿತು ಎಂದು ಕೂತು ಕೇಳೋಣ. ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂದೂ ವಿಚಾರಿಸೋಣ.

ಪಶ್ಚಿಮದಲ್ಲಿ ಮೋಡ ಏಳುವುದನ್ನು ಕಂಡು ಮಳೆ ಬರುವುದೆಂದು ತಿಳಿಯಬಲ್ಲ ಜನರು ತಮ್ಮ ಕಾಲವನ್ನೇಕೆ ಅರಿಯಲಾರರು ಎಂದು ಪ್ರಭು ಯೇಸು ಕೇಳಿದ ಪ್ರಶ್ನೆ ಲೂಕನ ಶುಭಸಂದೇಶದಲ್ಲಿದೆ. ಪಡುವಣದ ಮೋಡವನ್ನು ನೋಡಿಯೇ ನಮ್ಮ ಮೀನುಗಾರರು ಬಲೆ ಮಡಚುತ್ತಾರೆ. ಹುಕ್ಕೇರಿಯ ರೈತರು ಕೂರಿಗೆ ಕಟ್ಟುವುದೂ ಅದನ್ನು ನೋಡಿಯೇ. ಮೋಡವನ್ನು ಓದುವುದು ಇಬ್ಬರಿಗೂ ಗೊತ್ತಿದೆ. ಈ ಮುಂಗಾರಿಗೆ ಮೊದಲು ಅವರು ಓದಿದ್ದನ್ನು ನಾವು ಕೇಳಿಸಿಕೊಳ್ಳೋಣ.